ಬಲಗಡೆಯ ಹಾಲು

ನನ್ನ ಮೊದಲ ಕೂಸು ಹೆಣ್ಣು. ಬೇವೂರಿನಲ್ಲಿ, ನನ್ನ ತವರಿನಲ್ಲಿ ಹುಟ್ಟಿದಳು. ಅಲ್ಲಿ ಇದ್ದಷ್ಟು ದಿನ ಎರಡೂ ಕಡೆಯ ಹಾಲನ್ನು ಗಟಗಟ ಕುಡಿದು, ಕುಡಿಯುತ್ತಲೇ ನಿದ್ದೆಹೋಗುತ್ತಿದ್ದಳು. ಇದನ್ನು ಮೊದಲೇ ಏಕೆ ಹೇಳುತ್ತಿದ್ದೇನೆಂದರೆ, ಮುಂದೆ ನನ್ನ ಗಂಡನ ಮನೆಯಲ್ಲಿ ಯಾರೂ ಈ ಮಾತನ್ನು ನಂಬಲಿಲ್ಲ. ಹೆತ್ತವಳ ಮಾತಿಗೆ ಆ ಮನೆಯಲ್ಲಿ ಅಷ್ಟೇ ಬೆಲೆ.

ಆಗ ನಮ್ಮ ಕಡೆ ನಿಜಾಮರ ಆಳಿಕೆ. ಗಂಡನ ಮನೆಯವರದು ಯಲಬುರ್ಗಾ ಪೇಟೆಯಲ್ಲಿ ಕಿರಾಣಿ ಅಂಗಡಿ, ಅದರ ಹಿಂದೆಯೇ ಮನೆ. ಗಂಡ, ಭಾವ ಅಂಗಡಿಯಲ್ಲಿ. ಒಳಗೆ ಅತ್ತೆ, ನಾನು ಮತ್ತು ನನ್ನ ನೆಗೆಣ್ಣಿ. ನೆಗೆಣ್ಣಿ ಎಂದರೆ ಭಾವನ ಹೆಂಡತಿ. ಗಂಗಾವತಿ ಕಡೆಯವಳು, ಅನ್ನ ಉಂಡು ಬೆಳೆದವಳು. ಜೋಳದ ರೊಟ್ಟಿ ಬಡಿಯುವಾಗ ಅವಳ ಮೋರೆ ನೋಡಬೇಕಿತ್ತು. ಅವಳಿಗೆ ಒಂದು ವರ್ಷದ ಮಗನಿದ್ದ, ಆಗಿನ್ನೂ ಹಾಲು ಬಿಟ್ಟಿರಲಿಲ್ಲ.

ತೊಟ್ಟಿಲ ಸಮೇತ ನಾನು ತವರಿನಿಂದ ಬಂದ ದಿನವೇ ಕೂಸಿಗೆ ಎರೆಯುವ ಕೆಲಸ ಅತ್ತೆಯ ಕೈಗೆ ಹೋಯಿತು. ಎಣ್ಣೆ ತಿಕ್ಕುವುದು, ನೀರು ಹಾಕುವುದು, ಲೋಬಾನದ ಹೊಗೆ ಹಿಡಿಯುವುದು, ಕಾಡಿಗೆ ಹಚ್ಚುವುದು, ಕೊನೆಗೆ ಕುಂಚಿಗೆ ಕಟ್ಟುವುದು, ಎಲ್ಲವೂ ಅವರದೇ. ಕುಂಚಿಗೆ ಎಂದರೆ ತಲೆ, ಕಿವಿ ಮುಚ್ಚಿಕೊಂಡು ಬೆನ್ನಿನ ಮೇಲೆ ಇಳಿಬೀಳುವ ಟೊಪ್ಪಿಗೆ. ಕಿವಿಗೆ ಗಾಳಿ ಹೊಗಬಾರದೆಂದು ಗದ್ದದ ಕೆಳಗೆ ಬಿಗಿದು ಕಟ್ಟುತ್ತಿದ್ದರು. ಅದನ್ನು ಬಿಚ್ಚುವ ಅಧಿಕಾರ ನನಗಿರಲಿಲ್ಲ. ಒಮ್ಮೆ ಸೆಕೆಯೆಂದು ಬಿಚ್ಚಿದ್ದಕ್ಕೆ ಸಂಜೆಯ ತನಕ ಬೈಸಿಕೊಂಡಿದ್ದೆ. ಎರೆದು, ಕಟ್ಟಿ, ಗಂಟಿನ ಹಾಗೆ ನನ್ನ ತೊಡೆಗೆ ತಂದು ಹಾಕುತ್ತಿದ್ದರು. ಹಾಲು ಕುಡಿಸುವುದಷ್ಟೇ ನನ್ನ ಕೆಲಸ.

ಬಂದ ಕೆಲವೇ ದಿನಕ್ಕೆ ಪತ್ತಾರನನ್ನು ಕರೆಸಿ ಕಿವಿ ಚುಚ್ಚಿಸಿದರು. ಚಿನ್ನದ ಎಳೆ ಪೋಣಿಸಿ ಅವನು ಎದ್ದುಹೋದ. ಎಲ್ಲರ ಬಾಯಿಗೂ ಒಂದು ಚೂರು ಬೆಲ್ಲ ಬಿತ್ತು. ಕೂಸು ಅತ್ತಿತು, ಸುಮ್ಮನಾಯಿತು, ಮತ್ತೆ ಕುಂಚಿಗೆ ಕಟ್ಟಿದರು. ಅಲ್ಲಿಗೆ ಆ ಕೆಲಸ ಎಲ್ಲರ ಮನಸ್ಸಿನಿಂದಲೂ ಹೋಯಿತು, ನನ್ನ ಮನಸ್ಸಿನಿಂದಲೂ.

ಆಮೇಲೆ ಶುರುವಾಯಿತು ಬಲಗಡೆಯ ಜಗಳ. ಎಡಗಡೆ ಹಾಕಿಕೊಂಡರೆ ಮೊದಲಿನಂತೆಯೇ ಕುಡಿಯುತ್ತಿದ್ದಳು. ಬಲಗಡೆಗೆ ತಿರುಗಿಸಿ ತೋಳಿನ ಮೇಲೆ ತಲೆ ಇಟ್ಟೆನೋ ಇಲ್ಲವೋ, ಕಿಟಾರನೆ ಕಿರುಚಿ, ಬಿಲ್ಲಿನಂತೆ ಹಿಂದಕ್ಕೆ ಬಾಗಿ, ಕಾಲಿನಿಂದ ನನ್ನ ಹೊಟ್ಟೆಗೆ ಒದೆಯುತ್ತಿದ್ದಳು. ಬಾಯಿಗೆ ಇಟ್ಟರೆ ಎರಡು ಗುಟುಕು ಎಳೆದು ಮತ್ತೆ ಮುಖ ಸಿಂಡರಿಸಿ ಬಿಡುತ್ತಿದ್ದಳು. ನಾನು ಇನ್ನಷ್ಟು ಬಿಗಿಯಾಗಿ ಅವುಚಿ ಹಿಡಿಯುತ್ತಿದ್ದೆ. ಹಿಡಿದಷ್ಟೂ ಅಳು ಹೆಚ್ಚು. ಹಾಲು ಕಟ್ಟಿ ಎದೆ ಕಲ್ಲಾಗಿ, ನಾನೂ ಅಳುತ್ತಿದ್ದೆ. ಬರಬರುತ್ತಾ ಕೂಸಿನ ಮೇಲೆ ಸಿಟ್ಟೇ ಬರತೊಡಗಿತು. ಹಡೆದವಳನ್ನೇ ಒದೆಯುವ ಇದೆಂಥ ಕೂಸು ಎಂದುಕೊಳ್ಳುತ್ತಿದ್ದೆ.

ಅತ್ತೆ ನಿಂತು ನೋಡಿದರು. "ಬಲಗಡಿ ಹಾಲು ಕೆಟ್ಟಾವು. ತವರಾಗ ಏನ ತಿಂದು ಬಂದಿ?" ಎಂದರು.

"ಏನೂ ತಿಂದಿಲ್ರಿ ಅತ್ತಿ. ಅಲ್ಲೆ ಎರಡೂ ಕಡಿ ಕುಡೀತಿತ್ತು."

"ಕುಡೀತಿದ್ರ ಈಗ ಯಾಕ ಬ್ಯಾಡ ಅಂತೈತಿ? ನಿನಗ ತಿಳೀಲಿಲ್ಲ ಅಂದ್ರ ಕೂಸಿಗೂ ತಿಳ್ಯಂಗಿಲ್ಲೇನು?"

ಗಂಡ ಅಂಗಡಿಯ ಬಾಗಿಲಿನಿಂದಲೇ, "ಕೊಪ್ಪಳದ ದವಾಖಾನಿಗೆ ಒಯ್ಯೂಣೇನವ್ವಾ?" ಎಂದು ಕೇಳಿದರು. ಅತ್ತೆ ತಿರುಗಿಯೂ ನೋಡಲಿಲ್ಲ. "ಎದಿ ಹಾಲು ದವಾಖಾನ್ಯಾಗ ತೋರಸ್ತಾರೇನೋ? ಹೋಗು, ತಕ್ಕಡಿ ಹಿಡಿ," ಎಂದರು. ಅವರು ಹೋಗಿ ತಕ್ಕಡಿ ಹಿಡಿದರು. ಜೀವನಪೂರ್ತಿ ಅವರು ಮಾಡಿದ್ದು ಅದನ್ನೇ ಅನ್ನಿ.

ಹಾಲನ್ನು ಪರೀಕ್ಷೆ ಮಾಡುವ ಪದ್ಧತಿ ಒಂದಿತ್ತು. ಬಟ್ಟಲಿನಲ್ಲಿ ಹಾಲು ಹಿಂಡಿ ಅದರಲ್ಲಿ ಒಂದು ಕರಿ ಇರುವೆ ಬಿಡುವುದು. ಇರುವೆ ದಂಡೆ ಹತ್ತಿ ಹೊರಗೆ ಬಂದರೆ ಹಾಲು ಒಳ್ಳೆಯದು, ಸತ್ತರೆ ಕೆಟ್ಟದ್ದು. ನಾನು ಬಲಗಡೆಯ ಹಾಲು ಹಿಂಡಿ ಕೊಟ್ಟೆ. ಅತ್ತೆ ಇರುವೆ ಬಿಟ್ಟರು. ಮೂವರೂ ಬಟ್ಟಲಿನ ಸುತ್ತ ಬಗ್ಗಿ ಕುಳಿತೆವು. ಇರುವೆ ಕೈಕಾಲು ಬಡಿಯಿತು, ಸುತ್ತು ಹೊಡೆಯಿತು, ಸುಮ್ಮನಾಯಿತು. ಎಡಗಡೆಯದರಲ್ಲೂ ಒಂದು ಬಿಟ್ಟು ನೋಡಿರಿ ಎನ್ನುವ ಮಾತು ನನ್ನ ಗಂಟಲಿನವರೆಗೆ ಬಂದಿತ್ತು. ನುಂಗಿಕೊಂಡೆ. ಹಾಲಿನಲ್ಲಿ ಬಿದ್ದ ಇರುವೆಗೆ ಎಡ ಯಾವುದು, ಬಲ ಯಾವುದು! ಆಗ ನನಗೆ ಹದಿನಾರೋ ಹದಿನೇಳೋ ವಯಸ್ಸು. ಸತ್ತ ಇರುವೆಯನ್ನು ನೋಡುತ್ತ ನನ್ನ ಮೈಯಲ್ಲಿ ವಿಷವಿದೆ ಎಂದು ನಾನೂ ನಂಬಿಬಿಟ್ಟೆ.

ಮಲ್ಲಿಗೆ ದಂಡೆ ತರಿಸಿ ಬಲಗಡೆಯ ಎದೆಗೆ ಬಿಗಿದು ಕಟ್ಟಿದರು. ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದೆ ಎನ್ನುತ್ತಾರೆ, ಬತ್ತಿತು. ಒಂದೇ ಕಡೆಯ ಹಾಲು ಕೂಸಿಗೆ ಸಾಲದಾಯಿತು. ಹಗಲೂ ರಾತ್ರಿ ಹಸಿದು ಅಳುತ್ತಿತ್ತು. ಒಂದು ಸಂಜೆ ನೆಗೆಣ್ಣಿ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದಳು. "ಕೊಡು ತಂಗಿ ಇಲ್ಲೆ, ನಾ ನೋಡತೀನಿ," ಎಂದಳು.

ಅವಳ ಕುಡಿಸುವ ರೀತಿಯೇ ಬೇರೆ. ಅವಳ ಮಗ ದೊಡ್ಡವನಾಗಿದ್ದರಿಂದ ತೊಡೆಯ ಮೇಲೆ ಎದುರಾಗಿ ಕೂರಿಸಿಕೊಂಡೇ ಕುಡಿಸುತ್ತಿದ್ದಳು. ನನ್ನ ಕೂಸನ್ನೂ ಹಾಗೇ ಕೂರಿಸಿ, ಕತ್ತಿಗೆ ಕೈ ಕೊಟ್ಟು ಹಿಡಿದಳು. ನನ್ನ ಮಗಳು ಎಡಗಡೆ ಕುಡಿದಳು, ಬಲಗಡೆಯೂ ಕುಡಿದಳು, ಒಂದು ಸಲವೂ ಮುಖ ಸಿಂಡರಿಸಲಿಲ್ಲ. ಕುಡಿಯುತ್ತ ಕುಡಿಯುತ್ತ ನೆಗೆಣ್ಣಿಯ ಕುಪ್ಪಸದ ಅಂಚು ಹಿಡಿದುಕೊಂಡು ಮಲಗಿದಳು.

"ನೋಡಿದ್ಯಾ? ಕೂಸಿನ ತಪ್ಪಿಲ್ಲ," ಎಂದರು ಅತ್ತೆ.

ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು? ನಾನು ಗೋಡೆಯ ಕಡೆ ತಿರುಗಿ ಕುಳಿತೆ. ಹೊಟ್ಟೆ ಉರಿಯಿತು, ಸುಳ್ಳು ಏಕೆ ಹೇಳಲಿ. ಆದರೆ ಕೂಸು ಉಳಿಯಬೇಕಲ್ಲ. ಮೊದಲು ಸಂಜೆಗೆ ಮಾತ್ರ ಕೊಟ್ಟೆ, ಆಮೇಲೆ ಮಧ್ಯಾಹ್ನಕ್ಕೂ ಕೊಟ್ಟೆ. ನನ್ನ ಎಡಗಡೆಯ ಹಾಲು ಕುಡಿಯುವವರಿಲ್ಲದೆ ತಾನಾಗಿಯೇ ಹೋಯಿತು. ಅದಕ್ಕೆ ಮಲ್ಲಿಗೆಯೂ ಬೇಕಾಗಲಿಲ್ಲ.

ಮಗಳು ನೆಗೆಣ್ಣಿಯ ಮಗ್ಗುಲಲ್ಲಿ ಮಲಗಿ ಬೆಳೆದಳು. ಮಾತು ಬಂದಾಗ ಅವಳನ್ನು ಅವ್ವ ಎಂದಳು. ನೆಗೆಣ್ಣಿಯ ಮಗ ನನ್ನನ್ನು ಚಿಗವ್ವ ಎನ್ನುತ್ತಿದ್ದ, ಕೇಳಿ ಕೇಳಿ ಇವಳೂ ನನ್ನನ್ನು ಚಿಗವ್ವ ಎಂದಳು. ಎಲ್ಲರೂ ನಕ್ಕರು. ನೆಗೆಣ್ಣಿ, "ಹಂಗನಬಾರದವ್ವಾ, ಅಕಿನ ನಿಮ್ಮವ್ವ," ಎಂದು ತಿದ್ದುತ್ತಿದ್ದಳು. ಎಷ್ಟೆಂದು ತಿದ್ದಿಯಾಳು? ನಾನೂ ನಕ್ಕೆ. ಮಕ್ಕಳ ಬಾಯಿ, ದೊಡ್ಡವಳಾದರೆ ಸರಿಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಅವಳಿಗೆ ಐದು ತುಂಬುವ ಹೊತ್ತಿಗೆ ನನಗೆ ಗಂಡುಮಗುವಾಯಿತು. ಅತ್ತೆ ಅಷ್ಟರಲ್ಲಿ ತೀರಿಹೋಗಿದ್ದರು. ಈ ಸಲ ಎರೆಯುವವಳೂ ನಾನೇ, ಕುಡಿಸುವವಳೂ ನಾನೇ. ಹುಡುಗ ಎರಡೂ ಕಡೆ ಕುಡಿಯುತ್ತಿದ್ದ. ಪದ್ಧತಿಯಂತೆ ಪತ್ತಾರ ಬಂದ, ಕಿವಿ ಚುಚ್ಚಿದ, ಬೆಲ್ಲ ತಿಂದು ಹೋದ. ಕೆಲವು ದಿನ ಕಳೆದು, ಬಲಗಡೆ ಹಾಕಿಕೊಂಡರೆ ಅದೇ ಕಿರುಚು. ಅದೇ ಬಾಗುವುದು, ಅದೇ ಒದೆಯುವುದು.

ನೆಗೆಣ್ಣಿ ಒಳಗಿನಿಂದ ಬಂದು ನೋಡಿದಳು. "ಮತ್ತ ಅದ ನೋಡು ತಂಗಿ. ಮಲ್ಲಿಗಿ ತರಸ್ತೀನಿ, ತಡಿ," ಎಂದು ಹೊರಗೆ ಹೋದಳು.

ಆ ದಿನ ಬೆಳಿಗ್ಗೆ ಹುಡುಗನಿಗೆ ಎರೆದಿದ್ದೆ. ಎಡಗಿವಿಯ ಹಾಲೆ ಕೆಂಪಾಗಿ ಊದಿ, ಎಳೆಯ ಸುತ್ತ ಕೀವು ಕೂತಿತ್ತು. ಒರೆಸಿ, ಅರಿಶಿನ ಹಚ್ಚಿ, ಕುಂಚಿಗೆ ಕಟ್ಟಿದ್ದೆ. ಈಗ ನೋಡುತ್ತೇನೆ, ಬಲಗಡೆ ಕುಡಿಯುವಾಗ ಆ ಕಿವಿಯೇ ನನ್ನ ತೋಳಿಗೆ ಒತ್ತಿ ಮಲಗಿದೆ. ಕುಂಚಿಗೆ ಬಿಚ್ಚಿದೆ. ಕಿವಿಯ ಪಕ್ಕದಲ್ಲಿ ಮೆಲ್ಲಗೆ ಬೆರಳು ಇಟ್ಟೆ. ಅದೇ ಕಿರುಚು. ನೆಗೆಣ್ಣಿಯ ಹಾಗೆ ತೊಡೆಯ ಮೇಲೆ ಎದುರಾಗಿ ಕೂರಿಸಿ, ಕಿವಿಗೆ ಏನೂ ತಾಗದಂತೆ ಕತ್ತು ಹಿಡಿದು, ಬಲಗಡೆಯದನ್ನೇ ಬಾಯಿಗೆ ಕೊಟ್ಟೆ. ಗಟಗಟ ಕುಡಿದ.

ಅವನು ಕುಡಿಯುತ್ತಿದ್ದ, ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಮಗಳ ಎಡಗಿವಿಯ ತೂತು ಎಂದೋ ಮುಚ್ಚಿ ಗಂಟಾಗಿತ್ತು. ಅದರ ಮೇಲೆ ಮತ್ತೆ ಚುಚ್ಚಿಸಿದ್ದರಿಂದ ಎಡಗಡೆಯ ಓಲೆ ಬಲಗಡೆಯದಕ್ಕಿಂತ ಮೇಲೆ ಕೂರುತ್ತಿತ್ತು. ಪತ್ತಾರನ ಕೈ ಸರಿಯಿಲ್ಲ ಎಂದು ನಾವು ತಮಾಷೆ ಮಾಡುತ್ತಿದ್ದೆವು. ನನ್ನ ಹಾಲಿಗೆ ಏನೂ ಆಗಿರಲಿಲ್ಲ. ಕೂಸು ನನ್ನನ್ನು ಬೇಡ ಅಂದಿರಲಿಲ್ಲ. ಕಿವಿ ನೋಯುತ್ತಿದೆ ಎಂದು ಅಳುತ್ತಿದ್ದವಳನ್ನು ನಾನು ಅದೇ ಕಿವಿಯ ಮೇಲೆ ಒತ್ತಿ ಒತ್ತಿ ಹಿಡಿದಿದ್ದೆ.

ನೆಗೆಣ್ಣಿ ಮಲ್ಲಿಗೆ ಹಿಡಿದುಕೊಂಡು ಬಂದಳು. ಹುಡುಗ ಕುಡಿಯುವುದನ್ನು ನೋಡಿ ಬಾಗಿಲಲ್ಲೇ ನಿಂತಳು. ಹೇಳಿದೆ.

"ಆಗ ಅತ್ತಿ ಎರಿಯೂ ಮುಂದ ಒಂದ ಮಾತ ಅಂದಿದ್ರು, ಕಿವಿ ಕೀವಾಗೈತಿ ಅಂತ," ಎಂದಳು. "ಕಿವಿಗೂ ಹಾಲಿಗೂ ಏನ ಸಂಬಂಧ ಅಂತ ನಾನೂ ಸುಮ್ಮನಿದ್ದೆ."

ಕಿವಿ ಕಂಡವರು ಅತ್ತೆ, ಅಳು ಕಂಡವಳು ನಾನು. ಬೈದು ಹಗುರಾಗೋಣವೆಂದರೆ ಅತ್ತೆಯೂ ಇರಲಿಲ್ಲ. ನೆಗೆಣ್ಣಿಯನ್ನು ಬೈಯುವುದು ಹೇಗೆ? ನನ್ನ ಮಗಳು ಬದುಕಿದ್ದೇ ಅವಳ ಹಾಲಿನಿಂದ.

"ಕರದು ಹೇಳು ಅಕೀಗಿ. ಇವತ್ತಿನಿಂದ ನಿನ್ನ ಮಗ್ಗಲಾಗ ಮಲಗಿಸಿಕೋ. ನಾ ಯಾವಾಗ ಬ್ಯಾಡ ಅಂದೇನಿ?" ಎಂದಳು. ಅವಳ ಕಣ್ಣಿನಲ್ಲಿ ನೀರು ತುಂಬಿತ್ತು. ಮಲ್ಲಿಗೆಯನ್ನು ದೇವರ ಜಗಲಿಯ ಮೇಲಿಟ್ಟು ಒಲೆಯ ಮುಂದೆ ಹೋಗಿ ಕುಳಿತಳು.

ಹುಡುಗನ ಕಿವಿಯ ಎಳೆ ತೆಗೆಸಿ, ಬೇವಿನೆಲೆ ಕುದಿಸಿದ ನೀರಿನಲ್ಲಿ ತೊಳೆಯುತ್ತ ಬಂದೆ. ವಾರದೊಳಗೆ ಅವನು ಹೇಗೆ ಹಾಕಿಕೊಂಡರೂ ಕುಡಿಯತೊಡಗಿದ. ಅಷ್ಟು ಸಣ್ಣ ಕೆಲಸ.

ಮಗಳನ್ನು ಮಾತ್ರ ಆ ದಿನವೇ ಕರೆದೆ. ಅಂಗಳದಲ್ಲಿ ಆಡುತ್ತಿದ್ದವಳು ಮೈಯೆಲ್ಲ ಮಣ್ಣು ಮಾಡಿಕೊಂಡು ಬಂದು ನನ್ನ ಮುಂದೆ ನಿಂತಳು. ಅವಳ ಎಡಗಿವಿಯನ್ನು ಹಿಡಿದು ಆ ಗಂಟನ್ನು ಮುಟ್ಟಿದೆ. ನೀನು ಸಣ್ಣಾಕಿ ಇದ್ದಾಗ ಈ ಕಿವಿ ಬಾತು ಭಾಳ ನೋಯುತ್ತಿತ್ತು, ಅದಕ್ಕೇ ನೀನು ನನ್ನ ಹಾಲು ಕುಡಿಯಲಿಲ್ಲ, ನನಗೆ ತಿಳಿಯಲಿಲ್ಲವ್ವಾ ಎಂದೆ. ಇನ್ನೂ ಏನೇನೋ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಅಳು ಬಂದುಬಿಟ್ಟಿತು.

ಅವಳು ಹೆದರಿದಂತೆ ನನ್ನ ಮುಖ ನೋಡಿದಳು. ಆಮೇಲೆ ನನ್ನ ಬೆರಳನ್ನು ಸರಿಸಿ ತಾನೇ ಕಿವಿಯನ್ನು ಹಿಸುಕಿ ತೋರಿಸಿದಳು.

"ಅಳಬ್ಯಾಡ. ಈಗ ಏನೂ ನೋಯಂಗಿಲ್ಲ ಚಿಗವ್ವಾ," ಎಂದು ಹೇಳಿ, ಅವ್ವ ಕರೆದಳೆಂದು ಅಡುಗೆಮನೆಗೆ ಓಡಿದಳು.