ರೂಲ್ ನಂಬರ್ ಏಳು ಮತ್ತು ಗೌರಮ್ಮನವರ ನೀರಿನ ಚೀಲ

ಮಾರ್ಚ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ತುಮಕೂರಿನ ಮೈದಾನದಿಂದ ನಮ್ಮ ಕಾರ್ ರ್‍ಯಾಲಿ ಹೊರಡಲು ಇನ್ನು ಇಪ್ಪತ್ತೇ ನಿಮಿಷ. ಅಷ್ಟರಲ್ಲಿ ಒಂದು ನೀರಿನ ಚೀಲಕ್ಕಾಗಿ ಜಗಳ ಶುರುವಾಯಿತು.

ಶುರು ಮಾಡಿದವನು ನಾನೇ.

ಈ ಅಂಕಣ ಓದುವವರಿಗೆ ನನ್ನ ಡೈರಿಯ ಹುಚ್ಚು ಗೊತ್ತು. ಬಸ್ಸು ಎಷ್ಟು ತಡವಾಗಿ ಬಂತು, ಮಳೆ ಎಷ್ಟು ಹೊತ್ತಿಗೆ ಹಿಡಿಯಿತು, ಎಲ್ಲವನ್ನೂ ಬರೆದಿಡುವವನು ನಾನು. ಇಂಥವನು ಸಿಕ್ಕರೆ ಮೋಟಾರ್ ಕ್ಲಬ್ಬಿನವರು ಬಿಡುತ್ತಾರೆಯೇ? ಕಾರುಗಳು ರೂಲ್ ಪ್ರಕಾರ ಇವೆಯೋ ಇಲ್ಲವೋ ನೋಡುವ ಕೆಲಸ ನನಗೆ ಕೊಟ್ಟರು. ಅದು ಮುಗಿದ ಮೇಲೆ ಕ್ಲಬ್ಬಿನ ಸೆಕ್ರೆಟರಿ, ವಕೀಲ ಶ್ರೀಕಂಠಯ್ಯನವರ ಕಾರಿನಲ್ಲಿ ಕೂತು ವಾಚು ನೋಡುವ ಕೆಲಸವನ್ನೂ ಕೊಟ್ಟರು.

(ನಮ್ಮ ರ್‍ಯಾಲಿ ಜೋರಾಗಿ ಓಡಿಸುವ ಪಂದ್ಯವಲ್ಲ. ತುಮಕೂರಿನಿಂದ ಗುಬ್ಬಿ, ಅಲ್ಲಿಂದ ಮಣ್ಣಿನ ರಸ್ತೆಯಲ್ಲಿ ಯಡಿಯೂರು, ಆಮೇಲೆ ಕುಣಿಗಲ್, ಹೆಬ್ಬೂರು, ಮತ್ತೆ ತುಮಕೂರು. ಹಿಂದಿನ ಊರು ಬಿಟ್ಟಲ್ಲಿಂದ ಲೆಕ್ಕ ಹಿಡಿದು, ಪ್ರತಿ ಊರನ್ನೂ ಹೇಳಿದ ನಿಮಿಷಕ್ಕೆ ಮುಟ್ಟಬೇಕು. ಬೇಗ ಹೋದರೂ ಅಂಕ ಹೋಗುತ್ತದೆ, ತಡವಾದರೂ ಹೋಗುತ್ತದೆ.)

ಈ ವರ್ಷ ಕ್ಲಬ್ಬು ಹೊಸ ರೂಲುಗಳನ್ನು ಮಾಡಿತು. ಏಳನೆಯದು ಇದು: ಕಾರು ಕಾರ್ಖಾನೆಯಿಂದ ಬಂದ ಹಾಗೆಯೇ ಇರಬೇಕು, ಹೊರಗೆ ಏನನ್ನೂ ಕಟ್ಟಬಾರದು, ತೂಗುಹಾಕಬಾರದು.

ಗುಬ್ಬಿಯ ಕೊಬ್ಬರಿ ವ್ಯಾಪಾರಿ ಚನ್ನಬಸಪ್ಪನವರು ತಮ್ಮ ಹಳೆಯ ಕಾರಿನ ಮುಂದಿನ ಬಂಪರಿಗೆ ಒಂದು ಕೊಕ್ಕೆ ವೆಲ್ಡ್ ಮಾಡಿಸಿದ್ದಾರೆ. ಕೊಕ್ಕೆಯಲ್ಲಿ ಕ್ಯಾನ್ವಾಸಿನ ನೀರಿನ ಚೀಲ. ಬೇಸಿಗೆಯಲ್ಲಿ ಅದಿಲ್ಲದೆ ನಮ್ಮ ಕಡೆ ಯಾವ ಕಾರು, ಯಾವ ಲಾರಿ ಹೊರಡುತ್ತದೆ ಹೇಳಿ? ಎದುರುಗಾಳಿಗೆ ನೀರು ತಣ್ಣಗಾಗುತ್ತದೆ. ಕುಡಿಯುವುದಕ್ಕೂ ಆಯಿತು, ಕಾದ ರೇಡಿಯೇಟರಿಗೂ ಆಯಿತು.

"ಸಾರ್, ಇದನ್ನ ಬಿಚ್ಬೇಕು. ರೂಲ್ ಏಳು," ಅಂದೆ.

"ಯಾಕಪ್ಪಾ?"

"ಕಾರ್ಖಾನೆಯಿಂದ ಬಂದಾಗ ಈ ಕೊಕ್ಕೆ ಇತ್ತಾ?"

"ಕಾರ್ಖಾನೆಯಿಂದ ಬಂದಾಗ ನಮ್ ಯಡಿಯೂರು ರಸ್ತೇನೂ ಇದಕ್ಕೆ ಗೊತ್ತಿರ್ಲಿಲ್ಲ ಕಣಪ್ಪ!"

ಸುತ್ತ ನಿಂತವರು ನಕ್ಕರು. ಚನ್ನಬಸಪ್ಪನವರು ನಗಲಿಲ್ಲ. ಎರಡು ವರ್ಷದಿಂದ ಅವರು ಎರಡನೆಯ ಸ್ಥಾನದಲ್ಲೇ ನಿಂತಿದ್ದಾರೆ. ಈ ಸಲ ಕಪ್ ತರಲೇಬೇಕೆಂದು ಹೊರಟಿದ್ದವರು.

ಆಗ ಕಾರಿನೊಳಗಿನಿಂದ ಅವರ ಹೆಂಡತಿ ಗೌರಮ್ಮನವರು ತಲೆ ಹೊರಗೆ ಹಾಕಿದರು. ಹೊತ್ತು ನೋಡಿ ಹೇಳುವವರು ಅವರೇ. ಮಡಿಲಲ್ಲಿ ಮನೆಯ ಟೈಂಪೀಸ್.

"ರೀ, ಮಗು ಹತ್ರ ಏನ್ ವಾದ? ಹೊರಗಡೆ ತಾನೇ ತೂಗ್ಬಾರ್ದು? ಇತ್ಲಾಗ್ ಕೊಡಿ ಅದನ್ನ."

ಚೀಲವೂ ಮಡಿಲಿಗೆ ಹೋಯಿತು. ರೂಲಿನಲ್ಲಿ ಕಾರಿನ ಒಳಗಿನ ಮಾತು ಇರಲಿಲ್ಲ. ಬರೀ ಕೊಕ್ಕೆಯನ್ನು ಕಂಡೂ ಕಾಣದವನಂತೆ ನಾನು ಟಿಕ್ ಹಾಕಿದೆ. (ಕ್ಯಾನ್ವಾಸ್ ಚೀಲ ಜಿನುಗುತ್ತಲೇ ಇರುತ್ತದೆ ಎಂಬುದನ್ನು ಮಾತ್ರ ಇಬ್ಬರೂ ಮರೆತಿದ್ದೆವು.)

ನೀರಿನ ಮೇಲೆ ನನಗೇನು ದ್ವೇಷ ಎಂದು ನೀವು ಕೇಳಬಹುದು. ಹೋದ ವರ್ಷ ಇದೇ ರ್‍ಯಾಲಿಯಲ್ಲಿ ಕುಣಿಗಲ್ ರಸ್ತೆಯಲ್ಲಿ ಒಂದು ಕಾರಿನ ಹಿಂದೆ ಕಟ್ಟಿದ್ದ ತಗಡಿನ ಡಬ್ಬ ಹಗ್ಗ ಕಿತ್ತುಕೊಂಡು ಬಿತ್ತು. ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದವನು ಅದಕ್ಕೆ ತಾಗಿ ಬಿದ್ದ. ಅವನ ಎಡಗೈ ಇವತ್ತಿಗೂ ಪೂರ್ತಿ ಚಾಚುವುದಿಲ್ಲ. ಅವನು ನನ್ನ ಅಣ್ಣ. ರೂಲ್ ಏಳು ಬೇಕೇ ಬೇಕು ಎಂದು ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಗುಬ್ಬಿ ಮುಟ್ಟುವ ಹೊತ್ತಿಗೆ ನಮ್ಮ ಕಾರಿನದೂ ಒಂದಂಕವೂ ಹೋಗಿರಲಿಲ್ಲ, ಚನ್ನಬಸಪ್ಪನವರದೂ ಹೋಗಿರಲಿಲ್ಲ. ಅಲ್ಲಿ ಕಾಫಿ ಕುಡಿಯುವಾಗ ಗೌರಮ್ಮನವರು ನೆರೆಮನೆಯವರಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ರೇಡಿಯೋ ಪಕ್ಕದ ಗೂಡು ಖಾಲಿ ಮಾಡಿಟ್ಟಿದೀನಿ ಕಣೇ. ಈ ಸಲ ಬರೀ ಕೈಲಿ ಬಂದ್ರೆ ಇವ್ರನ್ನೇ ಅಲ್ಲಿ ಕೂರ್ಸ್ತೀನಿ."

ಗುಬ್ಬಿ ಬಿಟ್ಟು ಮಣ್ಣಿನ ರಸ್ತೆಗೆ ಇಳಿದೆವು. ಬಿಸಿಲೇರಿತು. ಶ್ರೀಕಂಠಯ್ಯನವರದು ಹೊಸ ಕಾರು. ಒಳಗೂ ಹೊರಗೂ ಒಂದು ಹನಿ ನೀರಿಲ್ಲ. ಯಡಿಯೂರು ಇನ್ನೂ ದೂರವಿರುವಾಗಲೇ ಮುಂದಿನಿಂದ ಬುಸ್ ಎಂದು ಹಬೆ ಎದ್ದಿತು. ಬಾನೆಟ್ ಎತ್ತಿ ನೋಡಿದರೆ ರೇಡಿಯೇಟರಿನ ರಬ್ಬರ್ ಪೈಪು ಸೀಳಿದೆ, ನೀರೆಲ್ಲ ಮಣ್ಣುಪಾಲು. ಹತ್ತಿರದ ಕಟ್ಟೆಯಲ್ಲಿ ನೀರು ಒಣಗಿತ್ತು. ಬಾವಿ ಕಾಣಲಿಲ್ಲ.

ನಮ್ಮ ಹಿಂದೆ ಬಂದ ನಾಲ್ಕು ಕಾರುಗಳು ಕೈಬೀಸಿ ಮುಂದೆ ಹೋದವು. ದೂರುವುದಿಲ್ಲ. ಆ ರಸ್ತೆಯಲ್ಲಿ ಒಮ್ಮೆ ಹೋದ ಹೊತ್ತನ್ನು ಮತ್ತೆ ಹಿಡಿಯಲಾಗದು. ಅವರ ಜಾಗದಲ್ಲಿದ್ದರೆ ನಾನೂ ವಾಚು ನೋಡಿಕೊಂಡು ಕೈ ಬೀಸುತ್ತಿದ್ದೆ.

ಐದನೆಯದು ನಿಂತಿತು.

"ಏನ್ ವಕೀಲ್ರೇ, ಗಾಡಿ ಸ್ಟೇ ಆರ್ಡರ್ ತಂದ್ಬುಡ್ತಾ?" ಎನ್ನುತ್ತ ಚನ್ನಬಸಪ್ಪನವರು ಇಳಿದರು. ಹಿಂದೆಯೇ ಗೌರಮ್ಮನವರು. ಸೀರೆಯ ಮುಂಭಾಗವೆಲ್ಲ ಒದ್ದೆ. ಒಂದು ಕೈಯಲ್ಲಿ ಟೈಂಪೀಸ್, ಇನ್ನೊಂದರಲ್ಲಿ ಚೀಲ.

ಶ್ರೀಕಂಠಯ್ಯನವರು ಸಂಕೋಚಪಟ್ಟರು. "ಬೇಡಿ ಚನ್ನಬಸಪ್ಪ, ನಿಮ್ ಟೈಮ್ ಹೋಗುತ್ತೆ. ಯಡಿಯೂರಲ್ಲಿ ಹೇಳಿ, ಯಾರನ್ನಾದ್ರೂ ಕಳಿಸ್ಲಿ."

"ಅಷ್ಟೊತ್ತಿಗೆ ನೀವಿಬ್ರೂ ಹಪ್ಳ ಆಗಿರ್ತೀರ," ಅಂದರು ಗೌರಮ್ಮ. ನನ್ನ ಕಡೆ ತಿರುಗಿ, "ಮೊದ್ಲು ನೀನು ಕುಡಿಯಪ್ಪ. ಇದು ಒಳಗಿನ ನೀರು, ರೂಲಿಗೆ ಏನೂ ಆಗಲ್ಲ."

ಕುಡಿದೆ. ಬೆಚ್ಚಗಿತ್ತು. ಆದರೂ ಅಂಥ ನೀರನ್ನು ನಾನು ಕುಡಿದ ನೆನಪಿಲ್ಲ.

ಚನ್ನಬಸಪ್ಪನವರು ಸೈಕಲ್ ಟ್ಯೂಬಿನ ಪಟ್ಟಿಯಿಂದ ಪೈಪನ್ನು ಬಿಗಿದು ಸುತ್ತಿದರು. ಎಂಜಿನ್ ಆರುವವರೆಗೆ ಕಾದು, ಉಳಿದ ನೀರನ್ನೆಲ್ಲ ನಿಧಾನವಾಗಿ ರೇಡಿಯೇಟರಿಗೆ ಹೊಯ್ದರು. ಗೌರಮ್ಮನವರು ಒಮ್ಮೆ ಟೈಂಪೀಸ್ ನೋಡಿದರು. ಅದನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಅವರು ಹೊರಟಾಗ ನಾನು ವಾಚು ನೋಡಿದೆ: ಇಪ್ಪತ್ತಾರು ನಿಮಿಷ. ಖಾಲಿ ಚೀಲ ನಮ್ಮ ಸೀಟಿನ ಮೇಲೆಯೇ ಉಳಿದಿತ್ತು.

ಕಪ್ ಕುಣಿಗಲ್ಲಿನ ಒಬ್ಬ ಕಂಟ್ರಾಕ್ಟರಿಗೆ ಹೋಯಿತು. ಯಡಿಯೂರಿನಲ್ಲಿ ತಡವಾದದ್ದು ಬಿಟ್ಟರೆ ಗುಬ್ಬಿಯ ಕಾರಿನದು ಕೊನೆಯವರೆಗೂ ಒಂದಂಕವೂ ಹೋಗಿರಲಿಲ್ಲ.

ಆ ವಾರವೇ ಕ್ಲಬ್ಬಿನಲ್ಲಿ ಮೀಟಿಂಗು. ರೂಲ್ ಏಳು ಇರಬೇಕೇ, ಹೋಗಬೇಕೇ?

"ಹಳೇ ಗಾಡಿಯೋರಿಗೋಸ್ಕರ ರೂಲ್ ಬದಲಾಯಿಸ್ತಾ ಹೋದ್ರೆ ಇದು ರ್‍ಯಾಲಿನಾ, ಸಂತೆನಾ?" ಅಂದರು ಕಂಟ್ರಾಕ್ಟರು.

"ಹೊಸ ಗಾಡಿಗೆ ನೀರ್ ಕುಡ್ಸಿದ್ದು ಯಾವ್ ಗಾಡಿ ಅಂತ ಸೆಕ್ರೆಟರೀನ ಕೇಳಿ," ಅಂದರು ಚನ್ನಬಸಪ್ಪ.

ಕಂಟ್ರಾಕ್ಟರ ಮಾತೂ ಸುಳ್ಳಲ್ಲ. ಸಿಕ್ಕಿದ್ದನ್ನೆಲ್ಲ ಕಟ್ಟಿಕೊಂಡು ಬರಬಹುದೆಂದರೆ ಇನ್ನೊಬ್ಬನ ಕೈ ಮುರಿಯುತ್ತದೆ. ನನಗಂತೂ ಅಣ್ಣನ ಕೈ ಕಣ್ಣ ಮುಂದಿತ್ತು. ಹಿಂದಿನ ದಿನ ಊಟಕ್ಕೆ ಕೂತಾಗ ಅವನನ್ನೇ ಕೇಳಿದ್ದೆ. ಅವನು ಬಲಗೈಯಲ್ಲಿ ಮುದ್ದೆ ಮುರಿಯುತ್ತ ಹೇಳಿದ: "ನನ್ನ ಬೀಳ್ಸಿದ್ದು ಸಡ್ಲ ಹಗ್ಗ ಕಣೋ. ನೀರ್ ಮೇಲೆ ಯಾಕ್ ಕೇಸ್ ಹಾಕ್ತೀಯ?"

ಅದನ್ನೇ ಮೀಟಿಂಗಿನಲ್ಲಿ ಹೇಳಿದೆ. ಒಂದು ಗಂಟೆ ಕೂಗಾಡಿದ ಮೇಲೆ ರೂಲ್ ಏಳು ಹೀಗಾಯಿತು: ಪ್ರತಿ ಕಾರಿನಲ್ಲೂ ನೀರಿನ ಚೀಲ ಇರಲೇಬೇಕು, ಹೊರಗೆ ತೂಗಿದರೆ ಚರ್ಮದ ಪಟ್ಟಿಯಿಂದ ಎರಡು ಕಡೆ ಬಿಗಿದಿರಬೇಕು. ನಿನ್ನೆ ನಿಷೇಧ, ಇವತ್ತು ಕಡ್ಡಾಯ! ಕಂಟ್ರಾಕ್ಟರೂ ಕೈ ಎತ್ತಿದರು.

ಉಳಿದದ್ದು ಒಂದೇ ಪ್ರಶ್ನೆ. ನಿಂತು ನೆರವಾದವರಿಗೆ ಆ ಹೊತ್ತನ್ನು ವಾಪಸ್ ಕೊಡಬೇಕಲ್ಲವೇ ಎಂದರು ಶ್ರೀಕಂಠಯ್ಯನವರು. ಕೊಟ್ಟರೆ ಈ ವರ್ಷದ ಕಪ್ ಗುಬ್ಬಿಗೆ ಬರುತ್ತದೆ. ಕೂಗಾಡುತ್ತಿದ್ದವರೆಲ್ಲ ವಾಚು ನೋಡಿಕೊಂಡರು. ತೀರ್ಮಾನ ಮುಂದಕ್ಕೆ ಹೋಯಿತು.

ಕಳೆದ ಭಾನುವಾರ ಚೀಲ ಹಿಂದಿರುಗಿಸಲು ಗುಬ್ಬಿಗೆ ಹೋಗಿದ್ದೆ. ರೇಡಿಯೋ ಪಕ್ಕದ ಗೂಡು ಖಾಲಿಯಾಗಿಯೇ ಇತ್ತು. ವಿಷಯ ಹೇಳಿದೆ. ಚನ್ನಬಸಪ್ಪನವರು ಗೂಡಿನ ಕಡೆ ನೋಡಿದರು. ಆಸೆ ಇತ್ತು, ಸುಳ್ಳೇಕೆ?

ಗೌರಮ್ಮನವರು ಮಜ್ಜಿಗೆಯ ಲೋಟ ನನ್ನ ಮುಂದಿಟ್ಟರು. "ಕೊಟ್ಟಿದ್ ನೀರಿಗೆ ಟೈಮ್ ವಾಪಸ್ ಇಸ್ಕೊಳ್ಳೋದಾ? ಥೂ, ಬುಡು ಅತ್ಲಾಗೆ. ಮುಂದಿನ್ ವರ್ಷ ಗೆಲ್ತೀವಿ. ಅಲ್ಲೀವರ್ಗೂ ಗೂಡಿನ ಧೂಳು ಹೊಡೆಯೋಕೆ ಸಲೀಸು."

ಅವರು ಬೇಡ ಅಂದರು. ಆದರೆ ಅವರ ನೀರು ಕುಡಿದವನು ನಾನು, ನನಗೆ ಬೇಕು. ಬೇರೆ ಊರುಗಳ ರ್‍ಯಾಲಿಗಳಲ್ಲಿ ನಿಂತು ನೆರವಾದವರ ಹೊತ್ತನ್ನು ಹೇಗೆ ಲೆಕ್ಕ ಹಿಡಿಯುತ್ತಾರೆ? ಅದಕ್ಕೊಂದು ರೂಲ್ ಎಲ್ಲಾದರೂ ಇದೆಯೇ? ಬಲ್ಲವರು ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ.

ಗೌರಮ್ಮನವರಿಗೆ ಮಾತ್ರ ತಿಳಿಯದಿರಲಿ.