ಹಲ್ಲಿಗೆ ತಿಳಿಯದ ಬೀಜ

ಫೋಟೋಗಳಲ್ಲಿ ನನಗಿಂತ ಮೊದಲು ನನ್ನ ದವಡೆ ಕಾಣುತ್ತದೆ ಎಂಬುದು ನನ್ನ ಬಹುಕಾಲದ ಕೊರಗು. ಮೂವತ್ತೆರಡನೇ ವಯಸ್ಸಿಗೆ ಬೆಂಗಳೂರಿಗೆ ಹೋಗಿ, ಮೂಳೆ ಕೊಯ್ಯಿಸಿ, ಗದ್ದ ಸಣ್ಣದು ಮಾಡಿಸಿಕೊಂಡು ಬಂದೆ. ಬುದ್ಧಿಹಲ್ಲು ಕೀಳಿಸಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿದ್ದೆ. ಊತ ಇಳಿದ ಮೇಲೆ ಅಪ್ಪ ನನ್ನನ್ನೇ ನೋಡಿ, "ಸೊರಗಿ ಹೋಗ್ಬುಟ್ಟಿದ್ದೀಯಲ್ಲ, ಸರಿಯಾಗಿ ಉಣ್ಣು" ಎಂದರು. ಅಷ್ಟಕ್ಕೇ ಮುಗಿಯಿತು.

ಆದರೆ ಕೆಳದುಟಿ, ಗದ್ದ, ಕೆಳಗಿನ ಹಲ್ಲುಗಳು ಜೋಮು ಹಿಡಿದಂತೆ ಹಾಗೇ ಉಳಿದವು. ನರಕ್ಕೆ ಪೆಟ್ಟಾಗಬಹುದು, ಸರಿಹೋಗಲು ವರ್ಷ ಹಿಡಿಯಬಹುದು, ಕೆಲವರಿಗೆ ಪೂರ್ತಿ ಸರಿಹೋಗುವುದೂ ಇಲ್ಲ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ನನಗೆಲ್ಲಿ ಕೇಳುವ ವ್ಯವಧಾನ! ಈಗ ಕಾಫಿ ಕುಡಿದರೆ ಗದ್ದದ ಮೇಲೆ ಇಳಿದು ಬಟ್ಟೆ ಒದ್ದೆಯಾದಾಗಲೇ ತಿಳಿಯುತ್ತಿತ್ತು. ಮುಖ ತೊಳೆಯುವಾಗ ಬೇರೆ ಯಾರದೋ ಮುಖ ಮುಟ್ಟಿದಂತಾಗಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಕಾಫಿ ಕುಯ್ಲು ಬಂತು. ಆಲೂರು ಕಡೆಯ ನಮ್ಮ ತೋಟದಲ್ಲಿ ತೊಳೆದು ಹರವಿದ ಬೀಜ ಒಣಗಿತೋ ಇಲ್ಲವೋ ಎಂದು ನೋಡುವುದು ಹಲ್ಲಿನಲ್ಲೇ. ಕಚ್ಚಿದಾಗ ಹಲ್ಲು ಇಳಿದರೆ ಇನ್ನೂ ಹಸಿ, ಕಲ್ಲಿನಂತೆ ತಡೆದರೆ ಮೂಟೆ ಕಟ್ಟಬಹುದು. ಅಪ್ಪನಿಗೆ ಹಲ್ಲಿನ ಸೆಟ್ಟು ಬಂದ ಮೇಲೆ ಆ ಕೆಲಸ ನನ್ನದು. ತೇವ ನೋಡುವ ಮೆಷಿನ್ನು ಮನೆಯಲ್ಲಿದ್ದರೂ ಅವರ ನಂಬಿಕೆ ನನ್ನ ಹಲ್ಲಿನ ಮೇಲೆ. ಆಗುವುದಿಲ್ಲ ಎಂದರೆ ಕಾರಣ ಹೇಳಬೇಕಿತ್ತು. ನಾನು ಕಚ್ಚಿದೆ, ಏನೂ ತಿಳಿಯಲಿಲ್ಲ, "ಒಣಗೈತೆ" ಎಂದೆ.

ಮೂರು ವಾರಕ್ಕೆ ಸ್ಟೋರ್ ಬಾಗಿಲು ತೆಗೆದರೆ ಬೂಷ್ಟಿನ ವಾಸನೆ. ಅಪ್ಪ ಕಣದ ಅಜ್ಜಿಯನ್ನು ಕರೆಸಿದರು. ನಾನು ಹುಟ್ಟುವುದಕ್ಕೆ ಮುಂಚಿನಿಂದ ನಮ್ಮ ಕಣದಲ್ಲಿ ಕಾಫಿ ಹರವಿ, ಕೈಯಾಡಿಸಿ, ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತಿದ್ದವಳು ಅವಳು.

"ಇಬ್ಬನಿಗೆ ಬಿಟ್ಬುಟ್ಟಿದ್ದೀಯ. ವಯಸ್ಸಾಯ್ತು ನಿಂಗೆ, ಇನ್ನು ಕಣ ಬ್ಯಾಡ" ಎಂದು ಅಪ್ಪ ಎಲ್ಲರ ಮುಂದೆ ಬೈದರು. ಅಜ್ಜಿ ನನ್ನ ಕಡೆ ನೋಡಿದಳು. ನಾನು ಬಾಯಿ ಬಿಡಲಿಲ್ಲ. ಮರುದಿನದಿಂದ ಆ ಮುದುಕಿಗೆ ಇಳಿಜಾರಿನಲ್ಲಿ ಹಣ್ಣು ಕೊಯ್ಯುವ ಕೆಲಸ.

ಆಮೇಲೆ ಗದ್ದದೊಳಗೆ ಇರುವೆ ಹರಿಯಲು ಶುರುವಾಯಿತು. ನರ ಚೇತರಿಸಿಕೊಳ್ಳುತ್ತಿದೆ, ಒಳ್ಳೆಯ ಲಕ್ಷಣ ಎಂದರು ಡಾಕ್ಟರ್ ಫೋನಿನಲ್ಲಿ. ಎಷ್ಟು ಕೆರೆದರೂ ಆ ಇರುವೆ ಬೆರಳಿಗೆ ಸಿಗುತ್ತಿರಲಿಲ್ಲ. ಅಜ್ಜಿ ಸೊಂಟ ಹಿಡಿದುಕೊಂಡು ಗುಡ್ಡ ಹತ್ತುವುದು ಜಗುಲಿಯಿಂದ ಕಾಣುತ್ತಿತ್ತು, ಆಗ ಇನ್ನೂ ಜೋರಾಗುತ್ತಿತ್ತು. ನರಕ್ಕೂ ಪಾಪಕ್ಕೂ ಏನೇ ಸಂಬಂಧ ಎಂದು ನನ್ನನ್ನೇ ಗದರಿಕೊಂಡು ಜಗುಲಿಗೆ ಹೋಗುವುದನ್ನು ಬಿಟ್ಟೆ. ಗದ್ದದ ಇರುವೆಗಳು ನನ್ನ ಜೊತೆ ಅಡುಗೆಮನೆಗೂ ಬಂದವು. ನನಗೆ ನಿಜಕ್ಕೂ ಭಯವಾಗುತ್ತಿತ್ತು.

ಒಂದೂವರೆ ವರ್ಷಕ್ಕೆ ತುಟಿಗೆ ಬಿಸಿ ತಂಪು ತಿಳಿಯಿತು, ಹಲ್ಲಿಗೂ ಜೀವ ಬಂತು. ಗದ್ದಕ್ಕೆ ಮಾತ್ರ ಮುಟ್ಟಿದರೂ ತಿಳಿಯುತ್ತಿರಲಿಲ್ಲ. ಒಂದು ಭಾನುವಾರ ಬಾಳ್ಳುಪೇಟೆಯಿಂದ ಬರುವಾಗ ನೇರವಾಗಿ ಕೂಲಿಯವರ ಲೈನ್ ಮನೆಗಳ ಕಡೆ ನಡೆದೆ. ಅಜ್ಜಿಯ ಹೊಸಿಲಲ್ಲಿ ನಿಂತು ಆಪರೇಷನ್ನು, ಸುಳ್ಳು, ಬೀಜ, ಎಲ್ಲ ಹೇಳಿದೆ.

"ನಂಗೊತ್ತಿತ್ತು ಕಣವ್ವ" ಎಂದಳು. "ಬೀಜ ಕಚ್ಚೋವಾಗ ನಿನ್ ಬಾಯಿಂದ ಜೊಲ್ಲು ಇಳೀತಿತ್ತು, ನಿಂಗೇ ಗೊತ್ತಾಗ್ತಿರ್ಲಿಲ್ಲ. ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ ಸುಮ್ಕಿದ್ದೆ."

ನನಗೆ ಅಳು ಬಂತು. ಅವಳು ಕೈ ಚಾಚಿ ನನ್ನ ಗದ್ದ ಹಿಡಿದಳು.

"ನಿಮ್ಮಪ್ಪೋರಿಗೆ ಹೇಳಿದ್ಯಾ?"

ಅವಳ ಮುಖ ನೋಡಲಾರದೆ ಕಣ್ಣು ಮುಚ್ಚಿಕೊಂಡೆ. "ಇಲ್ಲ" ಎಂದೆ.

ಅವಳಿನ್ನೂ ಗದ್ದ ಹಿಡಿದುಕೊಂಡೇ ಇದ್ದಾಳೆ ಎಂದುಕೊಂಡು ನಾನು ಹಾಗೇ ಮುಖ ಎತ್ತಿ ನಿಂತಿದ್ದೆ. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿ ಕಣ್ಣು ಬಿಟ್ಟೆ.