ಮೊದಲ ಭಾನುವಾರದ ಬಸ್ಸು

ನಮ್ಮ ಚರ್ಚಿನ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಜನ ಕಡಿಮೆ. ಬೇರೆ ಕಡೆ ಅವತ್ತೇ ಜಾಸ್ತಿ ಸೇರುತ್ತಾರೆ, ಯಾಕೆಂದರೆ ಪ್ರಭುಭೋಜನ, ಯೇಸುವಿನ ನೆನಪಿಗೆ ರೊಟ್ಟಿ ಹಂಚುವುದು, ಇರುವುದು ಅವತ್ತೇ. ಹರಪನಹಳ್ಳಿಯ ನಮ್ಮ ತಗಡಿನ ಶೀಟಿನ ಹಾಲಿನಲ್ಲಿ ಮಾತ್ರ ಜಮಖಾನದ ಮೇಲೆ ಅಲ್ಲಲ್ಲಿ ಖಾಲಿ ಜಾಗ ಕಾಣುತ್ತದೆ. ಇದಕ್ಕೆ ಕಾರಣ ನಮ್ಮ ಪಾಸ್ಟರು. ಅವರು ಬೈಯುವವರಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಕಾಯುತ್ತಾರೆ.

ರೊಟ್ಟಿಯ ತಟ್ಟೆಗೆ ಬಿಳಿ ಬಟ್ಟೆ ಮುಚ್ಚಿರುತ್ತದೆ. ಹಾಡು, ಪಾಸ್ಟರು ವಾಕ್ಯ ಹೇಳುವ ಪ್ರಸಂಗ ಎಲ್ಲ ಮುಗಿದ ಮೇಲೆ ಅವರು ಮೇಜಿನ ಹಿಂದೆ ನಿಂತು, "ಯಾರಿಗೆ ಯಾರ ಮ್ಯಾಲೆ ಏನೈತೋ, ಈಗ ಎದ್ದು ಹೋಗಿ ಕೈ ಹಿಡ್ಕಂಡು ಬರ್ರಿ" ಎಂದು ಹೇಳಿ ಸುಮ್ಮನಾಗುತ್ತಾರೆ. ಹೋಗಬೇಕಾದವರು ಹೋಗಿ ಬರುವ ತನಕ ಬಟ್ಟೆ ತೆಗೆಯುವುದಿಲ್ಲ. ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬುದು ಅಷ್ಟು ಸಣ್ಣ ಸಭೆಯಲ್ಲಿ ಎಲ್ಲರಿಗೂ ಗೊತ್ತು. ಫ್ಯಾನು ತಿರುಗುತ್ತಿರುತ್ತದೆ, ಯಾವುದೋ ಮಗು ಅಳುತ್ತದೆ, ಹಿಂದೆ ಯಾರೋ ಕೆಮ್ಮುತ್ತಾರೆ, ಅವರು ಕಣ್ಣು ಮುಚ್ಚಿ ನಿಂತೇ ಇರುತ್ತಾರೆ. ಆ ಮೌನ ತಡೆಯಲಾರದೆ ಜಗಳ ಮುಗಿಸಿಕೊಂಡವರಿದ್ದಾರೆ. ಮುಗಿಸಿಕೊಳ್ಳಲು ಮನಸ್ಸಿಲ್ಲದವರು ಮೊದಲ ಭಾನುವಾರ ಬೇರೆ ಊರಿನ ಬಸ್ಸು ಹತ್ತುತ್ತಾರೆ.

ಕೊಟ್ಟೂರಿನಲ್ಲೂ ಸಭೆಯಿದೆ, ಹಗರಿಬೊಮ್ಮನಹಳ್ಳಿಯಲ್ಲೂ ಇದೆ, ಹಡಗಲಿಯಲ್ಲೂ ಇದೆ. ಅಲ್ಲಿನ ಪಾಸ್ಟರುಗಳಿಗೆ ನಮ್ಮ ಮನೆಯ ಸುದ್ದಿ ಗೊತ್ತಿಲ್ಲ. ಹೋಗಿ ತಲೆಯ ಮೇಲೆ ಸೆರಗು ಹೊದ್ದು ಕುಳಿತರೆ ರೊಟ್ಟಿ ತಾನಾಗಿ ಕೈಗೆ ಬರುತ್ತದೆ. ಆ ಊರಿನವರೂ ಏನೂ ಕಡಿಮೆಯಿಲ್ಲ, ತಮ್ಮ ಜಗಳ ತಮ್ಮೂರಲ್ಲಿ ಬಿಟ್ಟು ನಮ್ಮಲ್ಲಿಗೆ ಬರುತ್ತಾರೆ. ನಮ್ಮ ಪಾಸ್ಟರು ಕಾಯುವಾಗ ಅವರು ಎಷ್ಟು ಆರಾಮಾಗಿ ಕಣ್ಣು ಮುಚ್ಚಿ ಕೂರುತ್ತಾರೆಂದರೆ ನೋಡಿದವರಿಗೆ ಹೊಟ್ಟೆಕಿಚ್ಚಾಗಬೇಕು. ಮರುದಿನ ಕೇಳಿದರೆ ಎಲ್ಲರದೂ ಒಂದೇ ಉತ್ತರ, ನೆಂಟರ ಮನೆಗೆ ಹೋಗಿದ್ದೆ. ಹೀಗೆ ಹೋಗುವವರನ್ನು ಕಂಡು ನಾನು ಎಷ್ಟೋ ಸಲ ನಕ್ಕಿದ್ದೆ. ಆಮೇಲೆ ನಾನೇ ಹತ್ತಿದೆ.

ನಾನು ತೆಲಿಗಿಯ ಸರ್ಕಾರಿ ಶಾಲೆಯಲ್ಲಿ ಟೀಚರು. ನನ್ನ ತಂಗಿ ಹರಪನಹಳ್ಳಿಯಲ್ಲೇ ಅಂಗನವಾಡಿ ನಡೆಸುತ್ತಾಳೆ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಓಣಿ. ಅವ್ವ ನನ್ನ ಹತ್ತಿರ ಇದ್ದಳು. ಕಿಡ್ನಿ ಹಾಳಾಗಿ ಮೈಗೆ ಬಾವು ಬಂದಾಗ ಅಕ್ಕ ತಂಗಿ ಇಬ್ಬರೂ ಅವಳನ್ನು ದಾವಣಗೆರೆಗೆ ಕರೆದುಕೊಂಡು ಹೋಗಿದ್ದೆವು. ನೀರು ಕಡಿಮೆ ಮಾಡಬೇಕು, ಎಷ್ಟೇ ಕೇಳಿದರೂ ಅಳತೆ ಮೀರಿ ಕೊಡಬಾರದು ಎಂದು ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಹೇಳುವುದು ಸುಲಭ. ಬೇಸಿಗೆಯಲ್ಲಿ ಹೆತ್ತ ತಾಯಿ ನಾಲಿಗೆ ಹೊರಳಿಸಿ ನೀರು ಕೇಳುವಾಗ ಲೋಟ ಮರೆಮಾಡಿ, ಒದ್ದೆ ಬಟ್ಟೆಯಿಂದ ತುಟಿ ಒರೆಸಿ, "ಇನ್ನೊಂದು ತಾಸು ತಡಿ ಅವ್ವ" ಎನ್ನುವ ಕೆಲಸ ನನ್ನ ಪಾಲಿಗೆ ಬಂತು. ಶಾಲೆಗೆ ರಜೆ ಹಾಕಿ ಆ ಕೆಲಸ ಮಾಡಿದೆ. ಅಡುಗೆಮನೆಗೆ ಹೋಗಿ ಅತ್ತು ಮುಖ ತೊಳೆದುಕೊಂಡು ಬಂದು ಮತ್ತೆ ಮಾಡಿದೆ.

ಅವ್ವ ಹೋದಳು. ಗುಂಡಿಗೆ ಇಳಿಸಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುತ್ತಿದ್ದಾಗ ನನ್ನ ತಂಗಿ ನನ್ನ ಕಡೆ ತಿರುಗಿ, ಇಡೀ ಸಭೆ, ಓಣಿಯ ಜನ, ನನ್ನ ಶಾಲೆಯ ಹೆಡ್ ಮಾಸ್ಟರು ಎಲ್ಲರಿಗೂ ಕೇಳುವ ಹಾಗೆ, "ನೀರು ನೀರು ಅಂತಂದು ಸತ್ಲು ನಮ್ಮವ್ವ. ಒಂದ್ ಲೋಟ ನೀರು ಹಾಕಾಕ ನಿನ್ನ ಕೈ ಬರಲಿಲ್ಲಲ್ಲ" ಎಂದಳು. ಅವಳ ಧ್ವನಿ ಮೊದಲೇ ದೊಡ್ಡದು. ನಾನು ಹಿಡಿಯಲ್ಲಿದ್ದ ಮಣ್ಣು ಹಾಕಿ ಮನೆಗೆ ನಡೆದೆ. ಅವತ್ತೇ ಅವಳ ಜೊತೆ ಮಾತು ಬಿಟ್ಟೆ.

ಮುಂದಿನ ಮೊದಲ ಭಾನುವಾರ ಬಂತು. ಪಾಸ್ಟರು ಕಾಯಲು ನಿಂತರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಎಲ್ಲರ ಕಣ್ಣು ನನ್ನ ಮೇಲೆ ಬರುತ್ತದೆ. ನಾನು ಯಾಕೆ ಏಳಬೇಕು? ಅಂದವಳು ಅವಳು. ಎದ್ದು ಬರಬೇಕಾದವಳೂ ಅವಳೇ. ಅವಳು ಬರುವವಳಲ್ಲ. ಬೆಳಿಗ್ಗೆಯೇ ಬೈಬಲ್ಲನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಕೊಟ್ಟೂರಿನ ಬಸ್ಸು ಹತ್ತಿದೆ. ಅಲ್ಲಿ ರೊಟ್ಟಿ ತೆಗೆದುಕೊಂಡೆ. ಗಂಟಲಲ್ಲಿ ಇಳಿಯಿತು, ಏನೂ ಆಗಲಿಲ್ಲ. ಹಾಗಾಗಿ ಮುಂದಿನ ತಿಂಗಳೂ ಹೋದೆ.

ಪಾಪ ಎಂದರೆ ನಮ್ಮಲ್ಲಿ ಕುಡಿತ, ಇಸ್ಪೀಟು, ಸುಳ್ಳು ಸಾಕ್ಷಿ. ಪ್ರಸಂಗದಲ್ಲಿ ಅವು ಬಂದಾಗ ಗಂಡಸರ ಕಡೆ ತಲೆಗಳು ಬಗ್ಗುತ್ತವೆ, ನಾವು ಹೆಂಗಸರು ನೆಟ್ಟಗೆ ಕೂತು ಕೇಳುತ್ತೇವೆ. ನನ್ನ ಹತ್ತಿರ ಅವ್ಯಾವೂ ಇರಲಿಲ್ಲ. ಇದ್ದದ್ದು ಸಿಟ್ಟು, ಅದೂ ನ್ಯಾಯವಾದ ಸಿಟ್ಟು ಎಂದು ತಿಳಿದಿದ್ದೆ. ಆದರೆ ಅದರ ಚಾಕರಿ ಕಡಿಮೆ ಇರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ತಂಗಿಯ ಆ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳಬೇಕು. ಅದಕ್ಕೆ ನಾನು ಕೊಡಬಹುದಾಗಿದ್ದ ಉತ್ತರಗಳನ್ನು ಹಲ್ಲುಜ್ಜುವಾಗ ಒಂದೊಂದಾಗಿ ಹೇಳಿ ನೋಡಬೇಕು. ಅವಳು ಸಂತೆಗೆ ಬರುವ ಹೊತ್ತು ತಪ್ಪಿಸಿ ಬಾಡಿದ ಸೊಪ್ಪು ತರಬೇಕು. ಅವಳ ಮಗಳು, ನನ್ನನ್ನು ದೊಡ್ಡಮ್ಮ ಎಂದು ಓಡಿ ಬರುತ್ತಿದ್ದವಳು, ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಮೊಬೈಲು ತೆಗೆದು ನೋಡಬೇಕು. ದೇವರಿಗೆ ದಿನಕ್ಕೆ ಒಂದು ಸಣ್ಣ ಪ್ರಾರ್ಥನೆ ಸಾಕಾಗುತ್ತಿತ್ತು. ಇದಕ್ಕೆ ಇಡೀ ದಿನ ಸಾಲುತ್ತಿರಲಿಲ್ಲ.

ಎಲ್ಲಕ್ಕಿಂತ ನನ್ನನ್ನು ಉರಿಸಿದ್ದು ಇನ್ನೊಂದು. ನಾನು ಕಳ್ಳಿಯಂತೆ ಚೀಲ ಹಿಡಿದು ಬಸ್ಸಿನಲ್ಲಿ ಕುಳಿತಿರುವಾಗ ಅವಳು ನಮ್ಮ ಹಾಲಿನಲ್ಲಿ ಮುಂದಿನ ಸಾಲಲ್ಲಿ ಕೂತು, ಏನೂ ಆಗಿಲ್ಲವೆಂಬಂತೆ ರೊಟ್ಟಿ ತಿನ್ನುತ್ತಿದ್ದಾಳೆ ಎಂಬ ಯೋಚನೆ. ಅವಳ ಗಂಟಲಲ್ಲಿ ಅದು ಹೇಗೆ ಇಳಿಯುತ್ತದೆ ಎಂದು ಹೊಲ ನೋಡುತ್ತಾ ಕೇಳಿಕೊಳ್ಳುತ್ತಿದ್ದೆ. ಯಾರನ್ನಾದರೂ ವಿಚಾರಿಸೋಣವೆಂದರೆ, "ನೀವೆಲ್ಲಿದ್ರಿ ಟೀಚರ್?" ಎಂಬ ಪ್ರಶ್ನೆ ತಿರುಗಿ ಬರುತ್ತದೆ. ಹಾಗಾಗಿ ಕೇಳಲಿಲ್ಲ. ಒಂದು ವರ್ಷದ ಮೇಲೆ ಹೀಗೇ ನಡೆಯಿತು.

ಕಳೆದ ಸುಗ್ಗಿಯಲ್ಲಿ ಒಂದು ಮೊದಲ ಭಾನುವಾರ. ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿದ್ದರು, ಬಸ್ಸು ನಿಂತು ನಿಂತು ಕೊಟ್ಟೂರು ಮುಟ್ಟಿತು. ಅಲ್ಲಿನ ಪಾಸ್ಟರು ಇನ್ನೂ ಚಿಕ್ಕ ವಯಸ್ಸಿನವರು, ಮಾತು ಜೋರು. "ಯಾರ ಸೇವಾ ಮಾಡ್ತೀನಿ ಅಂತ ಬಾಯಿಲೆ ಹೇಳಬ್ಯಾಡ್ರಿ. ಹೊತ್ತು ಹುಟ್ಟಿದ ಕೂಡ್ಲೆ ಯಾರು ಹೇಳಿದಂಗ ಕೇಳ್ತೀರಿ, ಅದನ್ನ ನೋಡ್ಕರಿ. ಅವರ ಆಳು ನೀವು. ಪಾಪಕ್ಕೂ ದೇವರಿಗೂ ಕೂಡಿ ದುಡಿಯಾಕ ಆಗಲ್ಲ" ಎಂದರು. ಕುಡುಕರಿಗೆ ಹೇಳುತ್ತಿದ್ದಾರೆ ಎಂದುಕೊಳ್ಳಲು ನೋಡಿದೆ. ಆಗಲಿಲ್ಲ. ಹಲ್ಲುಜ್ಜುವ ಹೊತ್ತು ನೆನಪಾಯಿತು. ಈ ಹುಡುಗನಿಗೆ ನನ್ನ ವಿಷಯ ಏನು ಗೊತ್ತು ಎಂದು ಅವರ ಮೇಲೂ ಸಿಟ್ಟು ಬಂತು.

ಪ್ರಾರ್ಥನೆಗೆ ಕಣ್ಣು ಮುಚ್ಚಿದ್ದಾಗ ತಡವಾಗಿ ಬಂದ ಯಾರೋ ನನ್ನ ಪಕ್ಕದ ಸಣ್ಣ ಜಾಗದಲ್ಲಿ ಒತ್ತಿಕೊಂಡು ಕುಳಿತರು. ಕಣ್ಣು ತೆರೆದರೆ ನನ್ನ ತಂಗಿ. ಅವಳೂ ನನ್ನನ್ನು ನೋಡಿದ್ದು ಆಗಲೇ. ಅವಳ ಕೈಯಲ್ಲೂ ತರಕಾರಿ ಚೀಲ.

ನನ್ನನ್ನು ಹುಡುಕಿಕೊಂಡು ಬಂದಿದ್ದಾಳೆ ಎಂದು ಒಂದು ಕ್ಷಣ ಅನಿಸಿತು. ಅವಳ ಮುಖ ನೋಡಿದ ಮೇಲೆ ಅಲ್ಲ ಎಂದು ತಿಳಿಯಿತು. ಅವಳು ಅಲ್ಲಿಂದ ಎದ್ದು ಓಡುವ ದಾರಿ ಹುಡುಕುತ್ತಿದ್ದಳು. ಹಿಂದೆ ಬಾಗಿಲ ತನಕ ಜನ ತುಂಬಿದ್ದರು.

ಕೊಟ್ಟೂರಿನಲ್ಲಿ ತಟ್ಟೆಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ನನ್ನ ಕೈಗೆ ಬಂತು. ಅಷ್ಟು ತಿಂಗಳು ತೆಗೆದುಕೊಂಡವಳು ನಾನು, ಅವತ್ತು ಅವಳ ಮೊಣಕೈ ನನ್ನ ಮೊಣಕೈಗೆ ತಾಗುತ್ತಿರುವಾಗ ತೆಗೆದುಕೊಳ್ಳಲು ಆಗಲಿಲ್ಲ. ಹಾಗೇ ಅವಳ ಕಡೆ ದಾಟಿಸಿದೆ. ಅವಳು ನನ್ನ ಖಾಲಿ ಕೈ ನೋಡಿದಳು, ತಟ್ಟೆ ನೋಡಿದಳು, ತಾನೂ ತೆಗೆದುಕೊಳ್ಳದೆ ಮುಂದೆ ದಾಟಿಸಿದಳು. ಅದಕ್ಕೂ ನನಗೆ ಸಿಟ್ಟೇ ಬಂತು.

ವಾಪಸು ಬರಲು ಆ ಹೊತ್ತಿಗೆ ಒಂದೇ ಬಸ್ಸು. ಅದರಲ್ಲಿ ಉಳಿದದ್ದು ಒಂದೇ ಸೀಟು, ಇಬ್ಬರು ಕೂರುವಂಥದ್ದು. ಊರು ದಾಟುವ ತನಕ ಇಬ್ಬರೂ ಚೀಲ ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡಿದೆವು.

"ನೀನು ಕೊಟ್ಟೂರಿಗೆ ಬರ್ತೀಯಂತ ನನಗೆ ಗೊತ್ತಿದ್ದಿಲ್ಲಕ್ಕ" ಎಂದಳು ಕೊನೆಗೆ. "ನಾ ಹೋಗದು ಹಗರಿಬೊಮ್ಮನಹಳ್ಳಿಗೆ. ಅಲ್ಲಿ ಪಾಸ್ಟರಿಗೆ ಜ್ವರ ಅಂತ, ಇವತ್ತು ಆರಾಧನಿ ಇಲ್ಲ ಅಂತ ದಾರಿಯಾಗ ಫೋನ್ ಬಂತು. ಅದಕ್ಕ ಕೊಟ್ಟೂರಾಗ ಇಳದೆ."

"ಯಾವಾಗಿಂದ ಹೋಗ್ತಿ?"

"ಅವ್ವ ಹೋದಾಗಿಂದ. ನೀನು ಊರಾಗ ಮುಂದ ಕುಂತು ರೊಟ್ಟಿ ತಗಂತಿ ಅಂತ ದಿನಾ ಹೊಟ್ಟಿ ಉರಕಂತಿದ್ದೆ."

ನಗಬೇಕಿತ್ತು. ಬೇರೆಯವರ ಕಥೆಯಾಗಿದ್ದರೆ ನಕ್ಕೇ ನಗುತ್ತಿದ್ದೆ. ನನಗೆ ಬಂದದ್ದು ನಗುವಲ್ಲ.

"ದಾವಣಗೆರಿಯಾಗ ಡಾಕ್ಟ್ರು ಹೇಳಿದಾಗ ನೀನೂ ಇದ್ದಿ" ಎಂದೆ.

"ಇದ್ದೆ."

"ನೀರು ಯಾಕ ಕೊಡಲಿಲ್ಲಂತ ನಿನಗ ಗೊತ್ತಿತ್ತು."

"ಗೊತ್ತಿತ್ತಕ್ಕ. ಅವತ್ತೂ ಗೊತ್ತಿತ್ತು."

"ಮತ್ತ ಯಾಕಂದಿ?"

ಅವಳು ಚೀಲದ ಹಿಡಿ ತಿರುಚುತ್ತಾ ಕುಳಿತಳು. "ನೀರು ಕೊಡದ ನಿನ್ನನ್ನೇ ಕರೀತಿದ್ಲಲ್ಲ ಅಕಿ. ನಾ ದಿನಾ ಬಂದು ಕಾಲು ಒತ್ತಿ ಹೋಗ್ತಿದ್ದೆ. ಕಡೀಗೂ ನಿನ್ನ ಹೆಸರೇ ಕರದ್ಲು. ನನ್ನ ಹೆಸರು ಒಂದ್ ಸಲನೂ ಬಾಯಾಗ ಬರಲಿಲ್ಲ. ಅದಕ್ಕಂದೆ."

ಇಷ್ಟು ದಿನ ನಾನು ಕಾದದ್ದು ಇದಕ್ಕೇ. ಅದು ಸುಳ್ಳು ಎಂದು ಅವಳ ಬಾಯಿಂದಲೇ ಬಂದುಬಿಟ್ಟರೆ ಸಾಕು, ಸಿಟ್ಟು ತಾನಾಗಿ ಇಳಿದು ಹೋಗುತ್ತದೆ ಎಂದು ನಂಬಿದ್ದೆ. ಬಂತು. ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಗೊತ್ತಿದ್ದೂ ಅಂದಳಲ್ಲ ಎಂದು ಆ ಕ್ಷಣಕ್ಕೇ ಹೊಸ ಕೆಲಸ ಹಚ್ಚಿತು ನನಗೆ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಇವಳು ಕಾಲು ಹಿಡಿದರೂ, ಇಡೀ ಊರ ಮುಂದೆ ತಪ್ಪಾಯಿತು ಎಂದರೂ ಈ ಸಿಟ್ಟು ನನ್ನನ್ನು ಬಿಡುವುದಿಲ್ಲ. ಅವಳ ಹತ್ತಿರ ಕೊಡಲು ಇನ್ನೇನೂ ಉಳಿದಿಲ್ಲ. ಇನ್ನು ಬಿಡಬೇಕಾದವಳು ನಾನೇ, ಅದೂ ಪ್ರತಿಯಾಗಿ ಏನೂ ಸಿಗದೆ.

"ಕ್ಷಮಿಸಕ್ಕ" ಎಂದಳು.

"ಆಗಲ್ಲ" ಎಂದೆ.

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಅಳುತ್ತಿದ್ದಳೆಂದು ಭುಜ ನೋಡಿದರೆ ತಿಳಿಯುತ್ತಿತ್ತು. ಮುಂದಿನ ಸೀಟಿನ ಮುದುಕ ತಿರುಗಿ ನೋಡಿದ. ಏನು ನೋಡುತ್ತೀಯೆಂದು ಅವನಿಗೂ ಬೈಯಬೇಕೆನಿಸಿತು. ಕಂಡಕ್ಟರು ಹರಪನಹಳ್ಳಿ ಬಂತು, ಬಾಗಿಲ ಹತ್ತಿರ ಬರ್ರಿ ಎಂದು ಕೂಗಿದಾಗ, ಇಳಿಯಲು ಎದ್ದವಳ ಕೈಯನ್ನು ಹಿಡಿದು ಕೂರಿಸಿದೆ. ಮೆತ್ತಗೆ ಹಿಡಿಯಲಿಲ್ಲ, ಬಳೆ ಒತ್ತುವ ಹಾಗೆ ಹಿಡಿದೆ.

"ಕ್ಷಮಿಸೀನಿ ಅಂತ ತಿಳ್ಕ" ಎಂದೆ. "ನನಗಿನ್ನೂ ಹಂಗನಸಿಲ್ಲ. ಅನಸಿದ ದಿನ ಬಂದು ಹೇಳ್ತೀನಿ."

ಆ ದಿನ ಇನ್ನೂ ಬಂದಿಲ್ಲ. ಬೆಳಿಗ್ಗೆ ಎದ್ದರೆ ಗುಂಡಿಯ ಹತ್ತಿರ ಅವಳಂದ ಆ ಮಾತು ಈಗಲೂ ಮೊದಲು ಬಂದು ನಿಲ್ಲುತ್ತದೆ, ಏನು ಹೇಳುತ್ತೀ ಎಂದು ಕೇಳುತ್ತದೆ. ಕ್ಷಮಿಸಿದ್ದೇನೆ ಎನ್ನುತ್ತೇನೆ, ಹಲ್ಲು ಕಚ್ಚಿಕೊಂಡು. ಮರುದಿನ ಮತ್ತೆ ಹೇಳಬೇಕಾಗುತ್ತದೆ.